ಎಂಜಿನ್ ರೂಮಿನ ಹಿತ್ತಾಳೆ

ಅಕ್ಟೋಬರ್ 10, 1994, ಸೋಮವಾರ. ವಿಶಾಖಪಟ್ಟಣ

ಇವತ್ತು ಬೆಳಿಗ್ಗೆ ಎಲ್ಲರನ್ನೂ ಡೆಕ್ಕಿನ ಮೇಲೆ ಸೇರಿಸಿ ಕ್ಯಾಪ್ಟನ್ ಸಾಹೇಬರು ಹೇಳಿಯೇಬಿಟ್ಟರು. ನವೆಂಬರ್ ಮೂವತ್ತರ ಸೂರ್ಯಾಸ್ತಕ್ಕೆ ನಮ್ಮ ಹಡಗಿನ ಬಾವುಟ ಇಳಿಯುತ್ತದೆ, ಮತ್ತೆ ಏರುವುದಿಲ್ಲ. ಆಮೇಲೆ ಅದು ಗುಜರಿ. ಗೊತ್ತಿದ್ದ ಸುದ್ದಿಯೇ, ಆದರೂ ಅವರ ಬಾಯಿಂದ ಕೇಳಿದ ಮೇಲೆ ನೆಟ್ಟಗೆ ಎಂಜಿನ್ ರೂಮಿಗೆ ಇಳಿದುಹೋದೆ. ಹಡಗಿನ ಹೆಸರನ್ನು ಮನೆಯ ಕಾಗದದಲ್ಲೂ ಬರೆಯಬಾರದೆಂದು ನೌಕಾಪಡೆಯಲ್ಲಿ ಕಲಿತವನು ನಾನು. ಇಲ್ಲೂ ಬರೆಯುವುದಿಲ್ಲ.

ಸಾಹೇಬರಿಗೆ ಒಂದು ಹೊಸ ಹುಚ್ಚು ಹಿಡಿದಿದೆ. ಎರಡು ವರ್ಷದ ಹಿಂದೆ ಅಮೆರಿಕದ ಹಡಗಿನವರೊಡನೆ ಕವಾಯತು ನಡೆದಾಗ ಅಲ್ಲಿಯ ಅಧಿಕಾರಿಯೊಬ್ಬ ಇವರ ಕೈ ಕುಲುಕುತ್ತಲೇ ಅಂಗೈಗೆ ಒಂದು ನಾಣ್ಯ ದಾಟಿಸಿದನಂತೆ. ಅಂಗಡಿಯಲ್ಲಿ ನಡೆಯುವ ನಾಣ್ಯವಲ್ಲ. ಅವನ ಹಡಗಿನ ಲಾಂಛನ ಒತ್ತಿದ ಬಿಲ್ಲೆ. ಚಾಲೆಂಜ್ ಕಾಯಿನ್ ಎನ್ನುತ್ತಾರಂತೆ. ಅದನ್ನು ಕೊಂಡುಕೊಳ್ಳುವ ಹಾಗಿಲ್ಲ, ಕೇಳುವ ಹಾಗಿಲ್ಲ. ಹಿರಿಯನೊಬ್ಬ ಕೈಯಿಂದ ಕೈಗೆ ಕೊಡಬೇಕು. ಕೊಟ್ಟ ಮೇಲೆ ಸದಾ ಜೇಬಿನಲ್ಲಿರಬೇಕು. ಯಾವನಾದರೂ ತನ್ನದನ್ನು ಮೇಜಿನ ಮೇಲೆ ಟಪ್ಪೆಂದು ಬಡಿದರೆ ಅಲ್ಲಿರುವವರೆಲ್ಲ ತಮ್ಮ ತಮ್ಮದನ್ನು ತೆಗೆದು ತೋರಿಸಬೇಕು. ಇಲ್ಲದವನು ಎಲ್ಲರಿಗೂ ಕುಡಿಸಬೇಕು. ಮೊದಲನೇ ಮಹಾಯುದ್ಧದಲ್ಲಿ ಶತ್ರುವಿನ ಕೈಯಿಂದ ತಪ್ಪಿಸಿಕೊಂಡ ಒಬ್ಬ ವಿಮಾನದವನನ್ನು ಫ್ರೆಂಚರು ಗೂಢಚಾರನೆಂದು ಗುಂಡಿಕ್ಕಲು ನಿಲ್ಲಿಸಿದ್ದರಂತೆ, ಕೊರಳಲ್ಲಿದ್ದ ಬಿಲ್ಲೆ ನೋಡಿ ಬಿಟ್ಟರಂತೆ. ನಿಜವೋ ಕಟ್ಟುಕಥೆಯೋ, ಸಾಹೇಬರಂತೂ ಬಹಳ ಭಕ್ತಿಯಿಂದ ಹೇಳಿದರು.

ನಮ್ಮ ಹಡಗಿಗೂ ಅಂಥದೊಂದು ಆಗಬೇಕಂತೆ. ಅದೂ ಹಡಗಿನದೇ ಲೋಹದಲ್ಲಿ. ಎಂಜಿನ್ ರೂಮಿನ ಗೇಜುಗಳ ಸುತ್ತ ಇರುವ ಹಿತ್ತಾಳೆ ತಗಡನ್ನು ಬಿಚ್ಚಿ ಅದರಲ್ಲೇ ಬಿಲ್ಲೆ ಕತ್ತರಿಸಬೇಕು. ವಿಜಯವಾಡದ ಒನ್ ಟೌನಿನಲ್ಲಿ ನನ್ನ ಹೆಂಡತಿಯ ತಮ್ಮ ಲಾಕೆಟ್ಟು, ಶಾಲೆಯ ಮೆಡಲು ಒತ್ತುವ ಅಂಗಡಿ ಇಟ್ಟಿದ್ದಾನೆಂದು ಯಾವನೋ ಊದಿದ್ದಾನೆ. ಕೆಲಸ ನನ್ನ ತಲೆಗೆ ಬಿತ್ತು. ಆಟಿಕೆ ಸಾಮಾನು ಮಾಡಿಸುವುದಕ್ಕಾ ನಾನು ಎಂಜಿನ್ ರೂಮಿನ ಚೀಫ್ ಆದದ್ದು?

ಅಕ್ಟೋಬರ್ 15, ಶನಿವಾರ. ವಿಜಯವಾಡ

ತಗಡು ಬಿಚ್ಚುವಾಗ ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದನ್ನು ಉಜ್ಜಿದ್ದೇನೆ, ಉಜ್ಜಿಸಿದ್ದೇನೆ. ನನ್ನ ಮುಖ ಕಾಣುವಷ್ಟು ಹೊಳೆಯದಿದ್ದರೆ ಹುಡುಗರ ಗ್ರಹಚಾರ ಬಿಡಿಸುತ್ತಿದ್ದೆ. ಅದು ಹೋದ ಮೇಲೆ ಗೇಜುಗಳೆಲ್ಲ ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯ ಹಾಗೆ ಕಂಡವು.

ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಬಾಮೈದ ದುರ್ಗಾಪ್ರಸಾದ್ ಉಗುರಿನಿಂದ ಗೀರಿ ನೋಡಿ, "ಬಾವಗಾರೂ, ಬಲು ಗಟ್ಟಿ. ಒತ್ತುವಾಗ ಕೆಲವು ಸೀಳುತ್ತವೆ, ಈಗಲೇ ಹೇಳಿಬಿಡ್ತೀನಿ" ಎಂದ. ಸಾಹೇಬರು ಬರೆದುಕೊಟ್ಟ ಲಾಂಛನ ತೋರಿಸಿದೆ: ಅಲೆಯ ಮೇಲೆ ರೆಕ್ಕೆ ಬಿಚ್ಚಿದ ಮಿಂಚುಳ್ಳಿ. ಅದರ ಕೊಕ್ಕು ಮೊಂಡಾಗಬಾರದೆಂದು ಅವನ ತಲೆ ತಿಂದೆ. ಅಚ್ಚು ಕೆತ್ತಲು ಹದಿನೈದು ದಿನವಾದರೂ ಬೇಕಂತೆ.

ಹೆಂಡತಿ ಕನಕದುರ್ಗ ಮಗಳು ಗಂಗಾಭವಾನಿಯನ್ನು ಕರೆದುಕೊಂಡು ದಸರೆಗೆಂದು ತವರಿಗೆ ಬಂದವಳು ಇಲ್ಲೇ ಉಳಿದಿದ್ದಾಳೆ. ಅತ್ತೆ ಅನ್ನಪೂರ್ಣಮ್ಮನವರಿಗೆ ಎದೆನೋವು. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ವಾರಕ್ಕೊಮ್ಮೆ ತೋರಿಸಬೇಕು. "ಅಮ್ಮನ್ನ ವೈಜಾಗಿಗೇ ಕರ್ಕೊಂಡು ಹೋಗೋಣಂಡಿ" ಎಂದಳು. ನನ್ನೊಡನೆ ಕನ್ನಡ ಮಾತಾಡುತ್ತೇನೆಂದು ಹೊರಟು ಅರ್ಧದಲ್ಲೇ ತೆಲುಗಿಗೆ ಜಾರುವುದು ಅವಳ ಪದ್ಧತಿ. ಮೊದಲು ಹಡಗಿನ ಕೆಲಸ ಮುಗಿಯಲಿ ಎಂದೆ. "ಎಪ್ಪುಡೂ ಷಿಪ್ಪೇ, ಯಾವಾಗಲೂ ಅದೇ" ಎಂದು ಎದ್ದು ಹೋದಳು. ಏನು ಮಾಡಲಿ, ನವೆಂಬರ್ ಮೂವತ್ತನೇ ತಾರೀಕು ತಪ್ಪಿಸಿಕೊಳ್ಳುವ ಹಾಗಿದೆಯೆ?

ಅಕ್ಟೋಬರ್ 21, ಶುಕ್ರವಾರ. ವಿಶಾಖಪಟ್ಟಣ

ವರ್ಗದ ಆದೇಶ ಬಂದಿದೆ. ನವೆಂಬರ್ ಹದಿನೈದಕ್ಕೆ ನಾನು ದಡದ ತರಬೇತಿ ಶಾಲೆಗೆ ಹಾಜರಾಗಬೇಕು.

ಯಾರನ್ನು ಬೈಯಲಿ? ಎರಡು ವರ್ಷದ ಹಿಂದೆ ಕನಕದುರ್ಗ ಗೋಗರೆದಳೆಂದು ದಡದ ಕೆಲಸ ಬೇಕೆಂದು ಅರ್ಜಿ ಹಾಕಿದವನು ನಾನೇ. ಎರಡು ವರ್ಷ ನಿದ್ದೆ ಹೊಡೆದ ಅರ್ಜಿಗೆ ಈಗ ಎಚ್ಚರವಾಗಿದೆ.

ಸಾಹೇಬರ ಬಳಿ ಹೋಗಿ ಎರಡು ವಾರ ತಡೆಹಿಡಿಯಲು ಕೇಳಿಕೊಂಡೆ. ಪ್ರಯತ್ನಿಸಿದರು, ಆಗಲಿಲ್ಲ. ಬಿಲ್ಲೆಯ ವಿಷಯ ನಾನಾಗಿ ಎತ್ತಲಿಲ್ಲ. ಅವರೇ ಎತ್ತಿದರು. "ತಿಮ್ಮಯ್ಯ, ಮೂವತ್ತನೇ ತಾರೀಕು ಸೂರ್ಯಾಸ್ತಕ್ಕೆ ಹಡಗಿನಲ್ಲಿ ಯಾರಾರು ನೌಕರಿಯಲ್ಲಿರುತ್ತಾರೋ ಅವರಿಗೆ ಎಂದು ನಿಯಮ ಮಾಡಿದ್ದೇನೆ. ಒಬ್ಬರಿಗೆ ಮುರಿದರೆ ಹಿಂದೆ ಸೇವೆ ಮಾಡಿ ಹೋದವರೆಲ್ಲ ಕೇಳುತ್ತಾರೆ. ನಿನ್ನ ಜಾಗಕ್ಕೆ ಬರುವವನಿಗೆ ನಿನ್ನ ಪಾಲಿನದು ಹೋಗುತ್ತೆ. ಬೇಜಾರು ಮಾಡಿಕೊಳ್ಳಬೇಡ." ನ್ಯಾಯವಾದ ಮಾತೇ. ನ್ಯಾಯವಾದ ಮಾತಿಗೇ ಮೈ ಉರಿಯುವುದು. ಎಷ್ಟು ದಿನಕ್ಕೆ ಬರುತ್ತಾನೆ ಆ ಮಹಾಶಯ? ಎರಡು ವಾರಕ್ಕೆ! ಒಂದು ಬಟ್ಟೆ ಒಗೆಯುವಷ್ಟರಲ್ಲಿ ಹಡಗೇ ಇರುವುದಿಲ್ಲ, ಅವನಿಗೆ ಬಿಲ್ಲೆ.

ಊಟ ಸೇರಲಿಲ್ಲ.

ನವೆಂಬರ್ 3, ಗುರುವಾರ. ವಿಜಯವಾಡ. ದೀಪಾವಳಿ

ಹಬ್ಬಕ್ಕೆ ಆಳುಗಳೆಲ್ಲ ರಜಾ. ಪ್ರಸಾದ್ ನನಗೋಸ್ಕರ ಬೆಳಿಗ್ಗೆಯೇ ಅಂಗಡಿಯ ಬಾಗಿಲು ತೆಗೆದ. ಅವನು ಪ್ರೆಸ್ಸಿನ ಹಿಡಿ ಎಳೆಯುವುದು, ನಾನು ಬಿಲ್ಲೆ ಇಡುವುದು. ಹೊರಗೆ ಬೀದಿ ತುಂಬ ಪಟಾಕಿ, ಒಳಗೆ ನಮ್ಮ ಧಡಲ್ ಧಡಲ್. ಮೊದಲ ಬಿಲ್ಲೆ ಅಚ್ಚಿನಿಂದ ಬಿದ್ದಾಗ ಇನ್ನೂ ಬಿಸಿಯಿತ್ತು. ಮಿಂಚುಳ್ಳಿಯ ಕೊಕ್ಕು ಸೂಜಿಯ ಹಾಗೆ ಬಂದಿದೆ. ಆಟಿಕೆ ಸಾಮಾನು ಎಂದಿದ್ದೆನಲ್ಲ, ಆ ಮಾತು ವಾಪಸು ತೆಗೆದುಕೊಂಡೆ. ಎಷ್ಟೋ ಹೊತ್ತು ಕೈಯಿಂದ ಕೆಳಗಿಡಲಿಲ್ಲ.

ಪ್ರಸಾದ್ ಹೇಳಿದ ಹಾಗೇ ಕೆಲವು ಸೀಳಿದವು. ತಗಡು ಪೂರ್ತಿ ಮುಗಿಯಿತು. ಸಾಹೇಬರ ಅಪ್ಪಣೆಯಂತೆ ಕೊನೆಗೆ ಅಚ್ಚಿನ ಮುಖಕ್ಕೆ ಅರ ಹಾಕಿಸಿದೆ. ಇನ್ನು ಯಾರೂ ಎಲ್ಲಿಯೂ ಇದನ್ನು ಒತ್ತುವ ಹಾಗಿಲ್ಲ. ಪ್ರಸಾದ್ ಕೈ ತೊಳೆಯಲು ಹಿತ್ತಲಿಗೆ ಹೋದ. ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ಕಟ್ಟುವ ಮುಂಚೆ ಒಂದನ್ನು ಷರಟಿನ ಜೇಬಿಗೆ ಹಾಕಿಕೊಂಡೆ.

ಇದನ್ನು ಕದ್ದೆ ಎಂದು ಬರೆಯುವುದಿಲ್ಲ. ಎಷ್ಟು ಬೇಕೆಂದು ಮೊದಲು ಪಟ್ಟಿ ಮಾಡಿದಾಗ ನನ್ನ ಹೆಸರೂ ಸೇರಿಯೇ ಇತ್ತು. ನಾನು ಉಜ್ಜಿದ ಹಿತ್ತಾಳೆ. ಸೀಳಿದ್ದು ಕಳೆದರೂ ಒಂದೆರಡು ಹೆಚ್ಚಿಗೆ ಇದ್ದೇ ಇರುತ್ತವೆ. ಎಣಿಸಲಿಲ್ಲ ಅಷ್ಟೆ. ಹಬ್ಬದ ಗಡಿಬಿಡಿ.

ಗಂಗಾಭವಾನಿ ಸುರುಸುರು ಬತ್ತಿ ಹಿಡಿದುಕೊಂಡು, "ನಾನ್ನಾ, ರಾ!" ಎಂದು ಅಪ್ಪನನ್ನು ತೆಲುಗಿನಲ್ಲಿ ಕೂಗುತ್ತಲೇ ಇದ್ದಳು. ಕನ್ನಡದಲ್ಲಿ ಕರೆದರೆ ಬರುತ್ತೇನೆ ಎಂದು ಗದರಿದೆ. ಮಗು ಮುಖ ಸಣ್ಣದು ಮಾಡಿಕೊಂಡು ಮಾವನ ಹತ್ತಿರ ಹೋಯಿತು. ಹಬ್ಬದ ದಿನ ಹಾಗೆ ಗದರಬಾರದಿತ್ತು.

ನವೆಂಬರ್ 7, ಸೋಮವಾರ. ವಿಶಾಖಪಟ್ಟಣ

ಚೀಲ ಸಾಹೇಬರ ಮೇಜಿನ ಮೇಲಿಟ್ಟೆ. ಒಂದನ್ನು ತೆಗೆದು ಬೆಳಕಿಗೆ ಹಿಡಿದು, "ಚೆನ್ನಾಗಿ ಮಾಡಿಸಿದ್ದೀಯ. ಎಲ್ಲ ಇವೆಯಲ್ಲ?" ಎಂದರು. "ಇವೆ ಸರ್" ಎಂದೆ. ಎಣಿಸದೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಮೇಲೆ ಅಷ್ಟು ನಂಬಿಕೆ. ಎಣಿಸಿದ್ದರೆ ಒಳ್ಳೆಯದಿತ್ತು.

ಅವನು ಬಂದಿದ್ದಾನೆ, ನನ್ನ ಜಾಗಕ್ಕೆ. ಪೆಟಿ ಆಫೀಸರ್, ಅನಕಾಪಲ್ಲಿ ಕಡೆಯವನು, ಬಾಯಿ ತುಂಬ ನಗು. ಏಣಿ ಇಳಿಯುವಾಗಲೇ ತಲೆ ಜಜ್ಜಿಕೊಂಡ. ಮನಸ್ಸಿಗೆ ಸ್ವಲ್ಪ ಹಾಯೆನಿಸಿತು.

ನವೆಂಬರ್ 9, ಬುಧವಾರ

ತೋರಿಸಬೇಕಾದ್ದನ್ನು ತೋರಿಸುತ್ತಿದ್ದೇನೆ, ಒಂದು ಮಾತೂ ಹೆಚ್ಚಿಗೆ ಇಲ್ಲ. ಬಲಗಡೆಯ ಎಂಜಿನ್ನಿನ ಹಟಮಾರಿತನ ಅವನಿಗೆ ಹೇಳಲಿಲ್ಲ. ತಾನೇ ಕಂಡುಕೊಳ್ಳಲಿ.

ನವೆಂಬರ್ 12, ಶನಿವಾರ

ಅವನಿಂದ ಇವತ್ತು ಆ ಬಲಗಡೆಯ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಬೆವರು ಸುರಿಸುತ್ತಾ ನಿಂತಿದ್ದ. ಹುಡುಗರು ಮುಸಿಮುಸಿ ನಗುತ್ತಿದ್ದರು. ಬಿಟ್ಟುಬಿಡೋಣವೆಂದುಕೊಂಡೆ. ಆದರೆ ಎಂಜಿನ್ನಿನ ಕೆಮ್ಮು ಕೇಳಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ತೇವ ಇದ್ದ ದಿನ ಮೊದಲು ಕಂಬಿ ಹಾಕಿ ಕೈಯಿಂದ ನಿಧಾನ ಎರಡು ಸುತ್ತು ತಿರುಗಿಸಬೇಕು, ಆಮೇಲೆ ಗಾಳಿ ಬಿಡಬೇಕು ಎಂದು ತೋರಿಸಿದೆ. ಎಂಜಿನ್ ಸ್ಟಾರ್ಟ್ ಆಯಿತು. ಅವನ ಮುಖ ನೋಡಬೇಕಿತ್ತು, ಪರೀಕ್ಷೆ ಪಾಸಾದ ಹುಡುಗನ ಹಾಗೆ. "ಇನ್ನು ಹದಿನೆಂಟು ದಿನ ಬದುಕೋ ಎಂಜಿನ್ನಿಗೆ ಇಷ್ಟು ಉಪಚಾರ ಯಾಕೆ ಚೀಫ್ ಅಂತ ಎಲ್ಲರೂ ಕೇಳ್ತಾರೆ. ನನಗೆ ಹಾಗನ್ನಿಸಲ್ಲ" ಎಂದ. ಆಮೇಲೆ ಕೂತು ಪಂಪುಗಳ ವಿಷಯವೆಲ್ಲ ಹೇಳಿಕೊಟ್ಟೆ. ಹಡಗಿನ ಒಳಿತಿಗೆ, ಅವನಿಗಾಗಿ ಅಲ್ಲ.

ನವೆಂಬರ್ 14, ಸೋಮವಾರ

ಕೊನೆಯ ದಿನ. ಪೆಟ್ಟಿಗೆ ಹೊತ್ತು ಇಳಿದೆ. ಅಳು ಬಂತು. ಇದನ್ನು ಯಾರಿಗೂ ಹೇಳುವುದಿಲ್ಲ.

ನವೆಂಬರ್ 19, ಶನಿವಾರ. ವಿಜಯವಾಡ

ಒಗೆಯಲು ಷರಟು ತೆಗೆದುಕೊಂಡ ಕನಕದುರ್ಗಳಿಗೆ ಜೇಬಿನಲ್ಲಿ ಬಿಲ್ಲೆ ಸಿಕ್ಕಿದೆ. ಕುಣಿದಾಡಿಕೊಂಡು ಬಂದಳು. "ಏಮಂಡೀ, ಷಿಪ್ಪಿನೋರು ಕೊಟ್ರಾ? ಒಕ್ಕ ಮಾತೂ ಹೇಳಲೇ ಇಲ್ವಲ್ಲ!" ಹೌದು ಎಂದೆನೋ, ಹೂಂ ಎಂದೆನೋ. ಅಷ್ಟರಲ್ಲಿ ಅದು ದೇವರ ಮುಂದೆ ಹೋಗಿ ಕುಂಕುಮ ಹಚ್ಚಿಸಿಕೊಂಡಿತ್ತು. ಆಮೇಲೆ ಮಂಚದ ಮೇಲಿದ್ದ ಅತ್ತೆಯ ಕೈಗೆ. ಅವರು ಕಣ್ಣಿಗೊತ್ತಿಕೊಂಡು, ಅಳಿಯ ಇಷ್ಟು ವರ್ಷ ನೀರಿನ ಮೇಲೆ ಪಟ್ಟ ಕಷ್ಟಕ್ಕೆ ಸಿಕ್ಕ ಮರ್ಯಾದೆ ಎಂದು ತೆಲುಗಿನಲ್ಲಿ ಏನೇನೋ ಹರಸಿದರು. ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮನವರನ್ನೂ ಕರೆದು ತೋರಿಸಿದ್ದಾಯಿತು. ಪ್ರಸಾದ್ ಮಾತ್ರ ನನ್ನ ಮುಖ ನೋಡಿದ. ಅವನೇನೂ ಕೇಳಲಿಲ್ಲ. ಕೇಳದಿದ್ದದ್ದೇ ಚುಚ್ಚಿತು.

ಆ ಮನೆಯಲ್ಲಿ ಕೂರಲಾಗಲಿಲ್ಲ. ಕಾಲುವೆಯ ದಂಡೆಯ ಮೇಲೆ ಅತ್ತಿಂದಿತ್ತ ನಡೆದೆ. ಜೇಬಿನಲ್ಲಿ ಬಿಲ್ಲೆ ಇದೆ, ಆದರೆ ಯಾರೂ ನನ್ನ ಕೈ ಹಿಡಿದು ಕೊಟ್ಟಿಲ್ಲ. ಹಾಗಿದ್ದರೆ ಇದು ಬರೀ ಪ್ರಸಾದನ ಅಂಗಡಿಯ ಲಾಕೆಟ್ಟು.

ನವೆಂಬರ್ 24, ಗುರುವಾರ. ವಿಶಾಖಪಟ್ಟಣ

ದಡದ ಕೆಲಸ ಸಲೀಸು. ಹೊಸ ಹುಡುಗರಿಗೆ ಪಂಪಿನ ಚಿತ್ರ ಬರೆದು ಪಾಠ ಹೇಳುವುದು, ಐದಕ್ಕೆ ಮನೆ. ಕಾಲು ಮಾತ್ರ ದಿನಾ ಸಂಜೆ ಜೆಟ್ಟಿಯ ಕಡೆಗೇ ಎಳೆಯುತ್ತದೆ.

ಇವತ್ತು ನನ್ನ ಜಾಗಕ್ಕೆ ಬಂದವನು, ಸೂರ್ಯಪ್ರಕಾಶ, ಕ್ವಾರ್ಟರ್ಸಿಗೆ ಹುಡುಕಿಕೊಂಡು ಬಂದ. ಎರಡನೇ ಪಂಪು ಕೈಕೊಟ್ಟಿತಂತೆ. ಬರೆದು ತೋರಿಸಿದೆ. ಖಾಲಿ ಮನೆ ನೋಡಿ, "ಅಕ್ಕ ಊರಲ್ಲಿದ್ದಾರಾ? ಊಟ ಹೇಗೆ ಮಾಡ್ತೀರಿ?" ಎಂದು ಕೇಳಿದ. ನಾನು ಅನ್ನಕ್ಕೆ ಇಟ್ಟಿದ್ದೆ, ಇಬ್ಬರೂ ಉಪ್ಪಿನಕಾಯಿ ಕಲಸಿ ತಿಂದೆವು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ಹತ್ತು ವರ್ಷದಲ್ಲಿ ಇದು ನನಗೆ ಮೊದಲನೇ ಹಡಗು ಚೀಫ್. ಬರೀ ವರ್ಕ್‌ಷಾಪಿನಲ್ಲೇ ಕೊಳೆಸಿದರು. ಇನ್ನು ಸಿಕ್ಕುತ್ತೋ ಇಲ್ಲವೋ. ಆ ಕಾಯಿನ್ ಸಿಕ್ಕಿದರೆ ನಮ್ಮ ತಂದೆಗೆ ತೋರಿಸಬೇಕು. ಮಗ ಹಡಗಿನಲ್ಲಿದ್ದ ಅಂತ ನಂಬೋದೇ ಇಲ್ಲ ಅವರು."

ನಗುತ್ತಾ ಹೇಳಿದ. ನಾನೂ ನಕ್ಕೆ.

ನವೆಂಬರ್ 28, ಸೋಮವಾರ

ಸಾಹೇಬರು ಹೇಳಿಕಳಿಸಿದ್ದರು. ಚೀಲ ಬಿಚ್ಚಿ ಎಣಿಸಿದ್ದಾರೆ. ಒಂದು ಅಡ್ಮಿರಲ್ಲರಿಗೆ, ಒಂದು ಮ್ಯೂಸಿಯಮ್ಮಿಗೆ ಎಂದು ತೆಗೆದಿಟ್ಟ ಮೇಲೆ ಒಬ್ಬನಿಗೆ ಇಲ್ಲ. "ಒತ್ತುವಾಗ ಸೀಳಿದ್ದರ ಲೆಕ್ಕ ತಪ್ಪಿರಬೇಕು, ಅಲ್ಲವಾ ತಿಮ್ಮಯ್ಯ?"

"ಇರಬಹುದು ಸರ್."

ಆಗಲೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಕೈ ಜೇಬಿನ ತನಕ ಹೋಯಿತು. ಎದೆಯ ಮೇಲಿನ ಗುಂಡಿ ಸರಿಮಾಡಿಕೊಂಡು ಕೆಳಗಿಳಿಯಿತು.

"ಎಲ್ಲರಿಗಿಂತ ಕೊನೆಗೆ ಸೇರಿದವನು ಬಿಡಬೇಕಾಗುತ್ತೆ. ಬೇರೆ ದಾರಿಯಿಲ್ಲ" ಎಂದರು.

ಕೊನೆಗೆ ಸೇರಿದವನು ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಕದ್ದದ್ದು. ಬೇರೆ ಪದ ಹುಡುಕಿದ್ದು ಸಾಕು.

ನವೆಂಬರ್ 29, ಮಂಗಳವಾರ

ಕನಕದುರ್ಗ, ಮಗು ಬೆಳಿಗ್ಗೆಯ ಗಾಡಿಗೆ ಬಂದರು. ಪಾಠ ಹೇಳುವಾಗ ಎರಡು ಸಲ ತಪ್ಪಿದೆ. ಏನೂ ಬರೆಯಲು ತೋಚುತ್ತಿಲ್ಲ.

ನವೆಂಬರ್ 30, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜೆಟ್ಟಿಯ ಮೇಲೆ ಕುಟುಂಬದವರಿಗೆ ಕುರ್ಚಿ ಹಾಕಿದ್ದರು. ನಾನೂ ಅಲ್ಲೇ, ಹೆಂಗಸರು ಮಕ್ಕಳ ನಡುವೆ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ನನ್ನ ಹುಡುಗರೆಲ್ಲ ಬಿಳಿ ಬಟ್ಟೆಯಲ್ಲಿ ಡೆಕ್ಕಿನ ಮೇಲೆ ಸಾಲಾಗಿ ನಿಂತಿದ್ದರು. ಸಾಹೇಬರು ಒಬ್ಬೊಬ್ಬನ ಮುಂದೆ ನಿಂತು ಕೈ ಕುಲುಕುತ್ತಾ ಬಂದರು. ಕೈ ಬಿಡಿಸಿಕೊಂಡವನ ಮುಷ್ಟಿ ಮುಚ್ಚಿಯೇ ಇರುತ್ತಿತ್ತು. ಸಾಲಿನ ಕೊನೆಗೆ ಸೂರ್ಯಪ್ರಕಾಶ. ಅವನಿಗೆ ಸಾಹೇಬರು ಏನೋ ಹೇಳಿದರು, ಭುಜ ತಟ್ಟಿದರು, ಕೈ ಕುಲುಕಿದರು. ಅವನು ಕೈ ಇಳಿಸಿದಾಗ ಬೆರಳು ಬಿಚ್ಚಿಕೊಂಡಿದ್ದವು. ಅವನು ನಗುತ್ತಲೇ ಇದ್ದ. ಆ ನಗು ನೋಡಲಾಗದೆ ನಾನು ನೀರಿನ ಕಡೆ ತಿರುಗಿದೆ. ಬಾವುಟ ಇಳಿದದ್ದನ್ನು ಸರಿಯಾಗಿ ನೋಡಲಿಲ್ಲ. ಒಂದೂವರೆ ತಿಂಗಳು ಹೆದರುತ್ತಾ ಕಾದ ಗಳಿಗೆ, ಅದು ಬಂದು ಹೋದದ್ದೂ ತಿಳಿಯಲಿಲ್ಲ.

ಆಮೇಲೆ ದಡದ ಮೆಸ್ಸಿನಲ್ಲಿ ಎಲ್ಲರೂ ಸೇರಿದರು. ಹೆಂಗಸರಿಗೆ ಹೊರಗೆ ಚಹಾ, ಒಳಗೆ ಗಂಡಸರ ಗಲಾಟೆ. ಹುಡುಗರ ಕೈ ಪದೇ ಪದೇ ಜೇಬಿಗೆ ಹೋಗುವುದು ನೋಡಿದರೆ ಯಾವನಾದರೂ ಇನ್ನೇನು ಮೇಜಿಗೆ ಬಡಿಯುತ್ತಾನೆಂದು ಗೊತ್ತಾಗುತ್ತಿತ್ತು. ಸೂರ್ಯಪ್ರಕಾಶ ಗೋಡೆಯ ಪಕ್ಕ ನಿಂತು ಬಾಗಿಲ ಕಡೆ ನೋಡುತ್ತಿದ್ದ. ಜಾರಿಕೊಳ್ಳುವ ಯೋಚನೆ.

ಅಡ್ಡಹೋಗಿ ಕೈ ಚಾಚಿದೆ. "ಎಂಜಿನ್ ಚೆನ್ನಾಗಿ ನೋಡಿಕೊಂಡೆ ನೀನು" ಎಂದೆ. ಅವನು ಕೈ ಹಿಡಿದ. ಅಂಗೈಯಲ್ಲಿ ಏನೋ ಗಟ್ಟಿ ತಗುಲಿದ್ದಕ್ಕೆ ಅವನ ಕಣ್ಣು ದೊಡ್ಡದಾಯಿತು.

"ಕ್ಯಾಪ್ಟನ್ ಸಾಬ್ ಕಳಿಸಿದ್ರಾ ಚೀಫ್?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲಪ್ಪ. ನನ್ನ ಹತ್ತಿರ ಇತ್ತು. ಇರಬಾರದಾಗಿತ್ತು" ಎಂದೆ. "ನಿನಗೆ ಇವತ್ತು ಸಿಗದೇ ಹೋದದ್ದು ನನ್ನಿಂದ. ಬೆಳಿಗ್ಗೆ ಸಾಹೇಬರಿಗೂ ಹೇಳ್ತೀನಿ."

ಅವನು ಕೈ ಬಿಡಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಟಪ್ಪೆಂದು ಸದ್ದು. ಅಡಿಗೆಯ ನಾಯರ್ ಬಡಿದಿದ್ದ. ಮೆಸ್ಸಿಗೆ ಮೆಸ್ಸೇ ಕೂಗಾಡಿಕೊಂಡು ಮೇಜಿನ ಮೇಲೆ ಬಿಲ್ಲೆ ಬಡಿಯತೊಡಗಿತು. ಸೂರ್ಯಪ್ರಕಾಶನೂ ಹೋಗಿ ಬಡಿದ. "ನಿನಗೂ ಸಿಕ್ಕಿತೇನೋ!" ಎಂದು ಯಾವನೋ ಬೆನ್ನಿಗೆ ಗುದ್ದಿದ. "ಸಿಕ್ಕಿತು" ಎಂದ, ಅಷ್ಟೆ.

ಎಲ್ಲರೂ ಸುತ್ತ ನೋಡಿದರು. ಕೈ ಬರಿದಾಗಿದ್ದವನು ನಾನೊಬ್ಬ. ಗಲಾಟೆ ಇಳಿಯಿತು. ನಾಯರ್ ಮುಜುಗರದಿಂದ, "ಚೀಫ್ ಸಾಬ್ ಹದಿನೈದಕ್ಕೇ ಹೋದವರಲ್ಲ, ಈಗ ಗೆಸ್ಟು. ಅವರು ಲೆಕ್ಕಕ್ಕಿಲ್ಲ, ಬಿಡಿ" ಎಂದ. ಮರ್ಯಾದೆಗೇ ಹೇಳಿದ್ದು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಗೆಸ್ಟು!

ಆಗ ಸೂರ್ಯಪ್ರಕಾಶ ಮೇಜಿನ ಆಚೆಯಿಂದ ಗಂಟಲು ಹರಿಯುವ ಹಾಗೆ ಕೂಗಿದ: "ಗೆಸ್ಟ್ ಯಾರೋ? ಅವರು ನಮ್ಮವರು! ಕಾಯಿನ್ ಇಲ್ಲ ತಾನೆ? ಕುಡಿಸ್ಲಿ!"

ಆಮೇಲೆ ಎಲ್ಲರೂ ಮೇಜು ಗುದ್ದುತ್ತಾ, "ಕುಡಿಸ್ಲಿ! ಚೀಫ್ ಕುಡಿಸ್ಲಿ!" ಎಂದು ಶುರುಮಾಡಿದರು. ಬಿಲ್ಲೆ ಮಾಡಿಸಿದವನ ಹತ್ತಿರವೇ ಬಿಲ್ಲೆ ಇಲ್ಲ ಎಂದು ಬಿದ್ದು ಬಿದ್ದು ನಕ್ಕರು. ನಾನು ರಮ್ ಮುಟ್ಟುವವನಲ್ಲ. ಆದರೂ ಒಬ್ಬೊಬ್ಬರ ಗ್ಲಾಸಿಗೂ ನಾನೇ ನಿಂತು ಹಾಕಿಸಿದೆ. ಸಾಕು ಎಂದವನಿಗೂ ಬಿಡಲಿಲ್ಲ. ನನ್ನ ದಂಡ ಅದು, ನಾನೇ ತೆರಬೇಕು.

ಆಟೋದಲ್ಲಿ ಬರುವಾಗ ಕನಕದುರ್ಗಳಿಗೆ ಎಲ್ಲ ಹೇಳಿದೆ, ದೀಪಾವಳಿಯಿಂದ ಹಿಡಿದು. ಆಮೇಲೆ ಚೆನ್ನಾಗಿ ಬೈದಳು, ಅಮ್ಮನಿಗೆ ಏನಂತ ಹೇಳಲಿ, ಲಕ್ಷ್ಮೀಕಾಂತಮ್ಮನಿಗೆ ಹೇಗೆ ಮುಖ ತೋರಿಸಲಿ ಎಂದು. ಅತ್ತೆಗೆ ನಾನೇ ಹೇಳುತ್ತೇನೆ, ಶನಿವಾರ ಹೋಗಿ ಅವರನ್ನು ಇಲ್ಲಿಗೇ ಕರೆದುಕೊಂಡು ಬರೋಣ ಎಂದೆ. ನಿದ್ದೆ ಹೋಗಿದ್ದ ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡೆ.

"ಬಿಲ್ಲೆಯೂ ಪೋಯಿಂದಿ, ಹೋಯ್ತು. ನಾಳೆ ಸಾಹೇಬರ ಹತ್ತಿರ ಬೈಸಿಕೊಳ್ಳೋದು ಬೇರೆ ಇದೆ" ಎಂದಳು ಕನಕದುರ್ಗ. ನನ್ನ ಕಡೆ ತಿರುಗಿದಳು. "ಮತ್ತೆ ಯಾಕಂಡಿ ಹೀಗೆ ನಗ್ತಾ ಇದ್ದೀರಿ?"

ನಾನು ನಗುತ್ತಿದ್ದೇನೆಂದು ಅವಳು ಹೇಳಿದ ಮೇಲೇ ನನಗೆ ಗೊತ್ತಾದದ್ದು.